ಎರಡನೇ ಸೀನು

ಫೆಬ್ರವರಿ ಕೊನೆಗೆ ಹೂಮಳೆ ಬಿತ್ತು.
ಉತ್ತಯ್ಯ ಮಾಪಕದ ಬಾಟಲಿಯನ್ನು ಬೆಳಕಿಗೆ ಹಿಡಿದು
ಒಂದು ಇಂಚು ಇಪ್ಪತ್ತು ಸೆಂಟು ಎಂದು
ಪಾಲಿಬೆಟ್ಟಕ್ಕೆಲ್ಲ ಫೋನು ಮಾಡಿದರು.
ನಾನು ಕ್ಯಾಲೆಂಡರಿನಲ್ಲಿ ಎಂಟು ಮನೆ ಎಣಿಸಿ
ಒಂಬತ್ತನೆಯದರಲ್ಲಿ ಪೆನ್ಸಿಲಿನಿಂದ ಒಂದು ಮೂಗು ಬಿಡಿಸಿದೆ.

ಒಂಬತ್ತನೇ ಬೆಳಿಗ್ಗೆ ತೋಟವೆಲ್ಲ ಬೆಳ್ಳಗೆ.
ಊರಿಗೆ ಊರೇ ಮೂಗರಳಿಸಿ ನಿಂತಿದೆ.
ನನ್ನದು ಮಾತ್ರ ಬೀಗ ಜಡಿದ ಬಾಗಿಲು,
ಒಳಗಿನಿಂದ ಯಾರೋ ಒದೆಯುತ್ತಿದ್ದಾರೆ.

ಅಂಚೆ ಕಚೇರಿಯ ಕಿಂಡಿಯಲ್ಲಿ
ಒಂಟಿ ಸೀನಿಗೆ ಜನ ಕೈ ಹಿಂದೆಗೆಯುತ್ತಾರೆ,
ಎರಡನೆಯದು ಬರಲಿ ಎಂದು ಕಾಯುತ್ತಾರೆ,
ಬಂದ ಮೇಲೆ ಪಾಸ್‌ಬುಕ್ಕು ಚಾಚುತ್ತಾರೆ.
ನನ್ನವು ಹನ್ನೊಂದು.
ಹನ್ನೊಂದಕ್ಕೆ ಶಕುನವೇನೆಂದು
ಕಟ್ಟಿಗೆ ಡಿಪೋದ ಮೊಯ್ದುಕಾಕನಿಗೂ ಗೊತ್ತಿಲ್ಲ.
ಸೀಲು ಹಾರಿ ಎರಡು ಕಡೆ ಬಿತ್ತು.

ಮನೆಯಲ್ಲಿ ಇಬ್ಬರು.
ದಫೇದಾರ, ನಾಯಿ: ಪಕ್ಕದ ಮನೆಯ ಸುಬೇದಾರರು ಕೊಟ್ಟದ್ದು,
ಹಾಗಾಗಿ ಅವರಿಗಿಂತ ದರ್ಜೆಯಲ್ಲಿ ಕಡಿಮೆ.
ಮೆಣಸಿ, ಬೆಕ್ಕು: ಕಣದಲ್ಲಿ ಒಣಗುತ್ತಿದ್ದ ಕರಿಮೆಣಸಿನ ಮೇಲೆ
ಕಣ್ಣು ಬಿಡುವ ಮೊದಲೇ ಯಾರೋ ಬಿಟ್ಟುಹೋದದ್ದು.

ದಫೇದಾರ ಗಿಡಗಳಡಿ ನುಸುಳಿ
ಬೆನ್ನ ಮೇಲೆ ಇಡೀ ತೋಟ ಹೊತ್ತು ತರುತ್ತಾನೆ.
ಬಾಗಿಲಲ್ಲೇ ಒದ್ದೆ ಬಟ್ಟೆ. ಬೆನ್ನು, ಹೊಟ್ಟೆ, ಕಿವಿಯ ಹಿಂದೆ.
ಮುಂಗಾಲು ಕೊಡುತ್ತಾನೆ, ಇನ್ನೊಂದನ್ನೂ,
ಹಿಂಗಾಲಿಗೆ ಮಾತ್ರ ವರ್ಷವರ್ಷವೂ ಹೊಸ ಒಪ್ಪಂದ.
ಈ ಸಲ ಒಣಮೀನಿಗೆ ಬಗ್ಗಿದ.

ಕಿಟಕಿ ಹತ್ತು ಗಂಟೆಯತನಕ ಮುಚ್ಚಿ. ಹೊದಿಕೆ ಕುದಿನೀರಿಗೆ.
ಮೂಗಿಗೆ ಉಪ್ಪುನೀರು, ರಾತ್ರಿಗೆ ಅರ್ಧ ಮಾತ್ರೆ.
ಇಡೀ ನುಂಗಿದರೆ ಮರುದಿನ
ಹುಣಸೂರಿನ ಟಪಾಲು ಕುಟ್ಟಕ್ಕೆ ಹೋಗುತ್ತದೆ.

ಮಲಗುವ ಕೋಣೆಗೆ ಮೆಣಸಿಗೆ ಪ್ರವೇಶವಿಲ್ಲ.
ಬಾಗಿಲಡಿಯ ಸಂದಿನಲ್ಲಿ ಒಂದು ಪಾದ ಒಳಗೆ ಬಂದು
ನೆಲ ತಡವಿ ಹೋಗುತ್ತದೆ,
ಕತ್ತಲಲ್ಲಿ ಕನ್ನಡಕ ಹುಡುಕುವವರ ಕೈಯಂತೆ.

ಐದು ದಿನ ಮಾತ್ರೆ ಬಿಟ್ಟು ಬನ್ನಿ ಎಂದ ಮೈಸೂರಿನ ಡಾಕ್ಟರು
ತೋಳಿನ ಮೇಲೆ ಗೀಟೆಳೆದು ಹನಿಯಿಟ್ಟು ಚುಚ್ಚಿದರು:
ಹುಲ್ಲು, ಧೂಳು, ಜಿರಳೆ, ನಾಯಿ, ಬೆಕ್ಕು.
ಕಾಫಿ ಹೂವಿಗೆ ನಮ್ಮಲ್ಲಿ ಹನಿ ಇಲ್ಲಮ್ಮ ಎಂದರು.
ಇಪ್ಪತ್ತು ನಿಮಿಷ ಕೆರೆಯಬಾರದು.
ನಾಯಿಯ ಚುಕ್ಕೆ ಕೆಂಪು ಕೂಡ ಆಗಲಿಲ್ಲ.
ಹುಲ್ಲು ಸ್ವಲ್ಪ ಉಬ್ಬಿತು.
ಬೆಕ್ಕಿನದು ನಾಲ್ಕಾಣೆಯಷ್ಟಗಲ ಎದ್ದು
ನನ್ನನ್ನೇ ನೋಡಿತು.

ಹುಣಸೂರು ದಾಟುವಾಗ ತೋಳು ಇಳಿಸಿದೆ.
ತಿತಿಮತಿಯ ಕಾಡಿನಲ್ಲಿ ರಿಪೋರ್ಟು ಮಡಿಸಿದೆ,
ಗೋಣಿಕೊಪ್ಪಲಲ್ಲಿ ಬಸ್ಸು ಬದಲಿಸುವಾಗ ಇನ್ನೊಮ್ಮೆ.
ಇಪ್ಪತ್ತಾರು ವರ್ಷ ಬೇರೆಯವರ ಕಾಗದ ಒಡೆಯದವಳು
ನನ್ನದನ್ನೂ ಮುಚ್ಚಿಯೇ ಮನೆಗೆ ತಂದೆ.

ಏನಂತೆ?
ಹೂವಂತೆ.
ಉತ್ತಯ್ಯ ತಲೆಯಾಡಿಸಿದರು.
ಹೂವನ್ನು ಯಾರೂ ಗೋಣಿಯಲ್ಲಿ ಕಟ್ಟಿ
ಹೊಳೆಯಾಚೆ ಬಿಟ್ಟು ಬರುವಂತಿಲ್ಲವಲ್ಲ.

ಮೂರೇ ದಿನಕ್ಕೆ ಹೂ ಕಂದಿತು,
ಕಂದು ನೂಲಿನ ಹಾಗೆ ಗೆಲ್ಲಿಗಂಟಿ ನಿಂತಿತು.
ಸೀನು ನಿಲ್ಲಲಿಲ್ಲ.
ಇನ್ನೂ ಯಾವ ಹೂವು? ಕೇಳಿದರು.
ಸಿಲ್ವರ್ ಓಕು ಅಂದೆ.
ಆಮೇಲೆ ನೇರಳೆ ಅಂದೆ.
ಜೂನಿನ ಮಳೆಯಲ್ಲಿ ಯಾವ ಹೂ ಹೇಳಲಿ ಎಂದು
ಸ್ಟಾಂಪು ಹಚ್ಚುತ್ತಾ ಯೋಚಿಸುತ್ತಿದ್ದೆ.

ಮೊನ್ನೆ ಸಂಜೆ ಬೇಗ ಬಂದೆ.
ಹಿತ್ತಿಲ ಜಗಲಿಯಲ್ಲಿ ಉತ್ತಯ್ಯ,
ತೊಡೆಯ ಮೇಲೆ ಮೆಣಸಿ, ಕೈಯಲ್ಲಿ ದಫೇದಾರನ ಒದ್ದೆ ಬಟ್ಟೆ.
ಮುಂಗೈ ತುಂಬ ಪರಚಿದ ಗೆರೆ, ಹಳೆಯವು, ಹೊಸವು.
ಬೆಕ್ಕಿಗೆ ಬಾಲದ ಬುಡದವರೆಗೂ ಒರೆಸುತ್ತಿದ್ದರು,
ಮೆಲ್ಲಗೆ ಬೈಯುತ್ತ.

ಹೂವಿನ ಧೂಳು, ಅಂದರು ನನ್ನತ್ತ ತಿರುಗದೆ.
ಹೌದು, ಅಂದೆ.

ಒಂದು ಸೀನು ಬಂತು.
ಅವರು ಬಟ್ಟೆ ಹಿಡಿದ ಕೈ ತಡೆದರು.
ಬೆಕ್ಕೂ ಕಿವಿ ನಿಮಿರಿಸಿತು.
ಎರಡನೆಯದಕ್ಕೆ
ಮೂವರೂ ಕಾದೆವು.